ಕಾಲರಿಲ್ಲದವನ ಗಾಲ್ಫ್

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಮನೆಯ ತಾರಸಿಯಲ್ಲಿ, ಹಳೆಯ ಪಂಚೆಯ ಮೇಲೆ ಒಣಗಲು ಇಟ್ಟಿದ್ದ ಅಕ್ಕಿ ಸಂಡಿಗೆಯ ನಡುವೆ ಒಂದು ಗಾಲ್ಫ್ ಚೆಂಡು ಬಂದು ಬಿತ್ತು. ಕಾಗೆಗಳು ಬಾರದಿರಲೆಂದು ಬಿಚ್ಚಿಟ್ಟಿದ್ದ ಕಪ್ಪು ಕೊಡೆಗೆ ಮೊದಲು ತಗುಲಿ, ಅಲ್ಲಿಂದ ಜಾರಿ, ಒಂಬತ್ತು ಸಂಡಿಗೆಗಳನ್ನು ಪಂಚೆಗೇ ಮೆತ್ತಿ, ಕೊನೆಗೆ ನೀರಿನ ಟ್ಯಾಂಕಿನ ಬುಡದಲ್ಲಿ ಏನೂ ಅರಿಯದ ಕೂಸಿನಂತೆ ನಿಂತುಕೊಂಡಿತು. "ರೀ, ಮೇಲೆ ಬಂದು ನೋಡಿ, ನಿಮ್ಮ ಗಾಲ್ಫಿನವರು ಮಾಡಿರೋ ಕೆಲಸಾನ" ಎಂದು ನನ್ನ ಹೆಂಡತಿ ಕೂಗಿದಾಗ, ಗಾಲ್ಫಿನವರು ಯಾವಾಗ ನನ್ನವರಾದರೆಂದು ತಿಳಿಯದೆ ಮೆಟ್ಟಿಲು ಹತ್ತಿದೆ. ಮೈದಾನದ ಎತ್ತರದ ಬಲೆಯ ಹಿಂದಿನ ಗಲ್ಲಿಯಲ್ಲಿ ಹನ್ನೊಂದು ವರ್ಷದಿಂದ ವಾಸವಾಗಿದ್ದೇನೆ ಎಂಬುದನ್ನು ಬಿಟ್ಟರೆ ನನಗೂ ಆ ಆಟಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಚೆಂಡನ್ನು ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟೆ. 46 ಗ್ರಾಂ ತೋರಿಸಿತು. ಗಾಲ್ಫ್ ಚೆಂಡು 45.93 ಗ್ರಾಮಿಗಿಂತ ಹೆಚ್ಚು ತೂಗಬಾರದು, ಅದರ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬ ನಿಯಮವಿರುವುದನ್ನು ಆಮೇಲೆ ಓದಿ ತಿಳಿದುಕೊಂಡೆ. ಆ ಉಳಿದ ಚೂರು ತೂಕ ನಮ್ಮ ತಕ್ಕಡಿಯದೋ, ಚೆಂಡಿನ ಗುಳಿಗಳಲ್ಲಿ ಸೇರಿಕೊಂಡಿದ್ದ ಸಂಡಿಗೆ ಹಿಟ್ಟಿನದೋ ಹೇಳಲಾರೆ. ಅಳತೆಯಲ್ಲಿ ಅದು ಸುಮಾರು ರವೆ ಉಂಡೆಯಷ್ಟಿತ್ತು, ಗಟ್ಟಿತನದಲ್ಲಿ ಮಾಡಿ ಎರಡು ವಾರವಾದ ರವೆ ಉಂಡೆಯಂತಿತ್ತು. ಈ ಎರಡನೆಯ ಹೋಲಿಕೆಯನ್ನು ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ.

ಪರರ ವಸ್ತು ನಮಗೇಕೆಂದು ಅದನ್ನು ಹಿಂದಿರುಗಿಸಲು ಗೇಟಿಗೆ ಹೋದರೆ, ಕಾವಲಿನವನು ಚೆಂಡನ್ನು ನೋಡುವ ಮೊದಲು ನನ್ನನ್ನು ನೋಡಿ, "ಮೆಂಬರಾ ಸಾರ್?" ಎಂದು ಕೇಳಿದ. ಅಲ್ಲವೆಂದೆ. ಆ "ಅಲ್ಲ" ನನ್ನ ಬಾಯಿಂದ ಎಷ್ಟು ಸಣ್ಣದಾಗಿ ಹೊರಟಿತೆಂದರೆ, ರೇಷನ್ ಕಾರ್ಡನ್ನು ಮನೆಯಲ್ಲೇ ಮರೆತು ಬಂದವನೂ ಅದಕ್ಕಿಂತ ಗಟ್ಟಿಯಾಗಿ ಮಾತಾಡುತ್ತಾನೆ. ಸಂಡಿಗೆ ಹಾಳಾದದ್ದು ನಮ್ಮದು, ಚೆಂಡನ್ನು ಕೊಡಲೆಂದು ನಡೆದು ಬಂದವನು ನಾನು, ಆದರೂ ತಪ್ಪಿತಸ್ಥನಂತೆ ನಿಂತವನೂ ನಾನೇ. ಐವತ್ತೆಂಟನೆಯ ವಯಸ್ಸಿನಲ್ಲಿ ಯಾವುದಾದರೊಂದು ಗಾಲ್ಫ್ ಕ್ಲಬ್ಬಿಗೆ ಸೇರಿಯೇ ತೀರುವುದೆಂದು ಹಟ ಹುಟ್ಟಿದ್ದು ಹೀಗೆ. ಆಟದ ಮೇಲಿನ ಪ್ರೀತಿ ಇದರಲ್ಲಿ ಎಳ್ಳಷ್ಟೂ ಇರಲಿಲ್ಲವೆಂದು ಈಗಲೇ ಒಪ್ಪಿಕೊಳ್ಳುತ್ತೇನೆ.

ಮೊದಲು ಒಂದು ಆಟದ ಸಾಮಾನಿನ ಅಂಗಡಿಗೆ ಹೋಗಿ, "ಹೊಸಬರಿಗೆ ಯಾವ ಕ್ಲಬ್ ಒಳ್ಳೆಯದು?" ಎಂದು ವಿಚಾರಿಸಿದೆ. ಅಂಗಡಿಯವನು ಒಂದು ಮಾತೂ ಆಡದೆ ಏಳನೆಯ ನಂಬರಿನ ಐರನ್ ಎಂಬ ಕೋಲೊಂದನ್ನು ನನ್ನ ಕೈಗಿತ್ತ. ಆಡುವ ಕೋಲಿಗೂ ಆಡುವವರ ಕೂಟಕ್ಕೂ ಒಂದೇ ಹೆಸರಿಟ್ಟವರ ಬುದ್ಧಿಗೆ ಏನೆನ್ನಬೇಕೋ ತಿಳಿಯದು. ಅಂತಹ ಕೋಲುಗಳನ್ನು ಒಂದು ಚೀಲದಲ್ಲಿ 14ರವರೆಗೆ ಒಯ್ಯಬಹುದಂತೆ, ಕೂಟ ಒಂದು ಸಿಕ್ಕಿದರೆ ಸಾಕಾಗಿದೆ. ಸೇನೆಯಿಂದ ನಿವೃತ್ತನಾದ ನನ್ನ ಭಾವಮೈದುನನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ನಕ್ಕು, "ಭಾವ, ನಾಲ್ಕು ಕಡೆ ನೋಡ್ಕೊಂಡು ಬರೋಣ, ಆಮೇಲೆ ತೀರ್ಮಾನ ಮಾಡಿ" ಎಂದ. ಹೆಣ್ಣು ನೋಡಲು ಹೊರಡುವವರ ಉತ್ಸಾಹ ಅವನಲ್ಲಿತ್ತು. ನಾನೇ ಆ ಹೆಣ್ಣೆಂಬುದು ನನಗೆ ಹೊಳೆಯಲು ಎರಡು ಭಾನುವಾರಗಳು ಬೇಕಾದವು.

ಬೆಂಗಳೂರು ಗಾಲ್ಫ್ ಕ್ಲಬ್ಬಿನ ವಿಷಯದಲ್ಲಿ ಅದರ ವಯಸ್ಸನ್ನು ಕೇಳಿಯೇ ಹಿಂದೆ ಸರಿದೆ. ಕಲ್ಕತ್ತದವರು 1829ರಲ್ಲೇ ಶುರುಮಾಡಿದ್ದರು. ನಮ್ಮ ಊರಿನದು 1876ರದು. ಮೈಸೂರು ಸೀಮೆಯ ಹಳಬರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದ ಮಹಾಕ್ಷಾಮ ಆರಂಭವಾದದ್ದೂ ಅದೇ ವರ್ಷ. ಜನ ಗಂಜಿಗಾಗಿ ಸಾಲು ನಿಲ್ಲತೊಡಗಿದ ಕಾಲದಲ್ಲಿ ದಂಡಿನ ದೊರೆಗಳು ಹುಲ್ಲಿನಲ್ಲಿ ಕುಳಿ ತೋಡಿಸಿ ಅದರೊಳಗೆ ಚೆಂಡು ಹಾಕುತ್ತಿದ್ದರು ಎಂಬುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗಿನ ಸದಸ್ಯರದೇನೂ ತಪ್ಪಿಲ್ಲ, ನಿಜ. ಆದರೆ ಹೊಟ್ಟೆ ಉರಿಯುವುದಕ್ಕೆ ತಪ್ಪಿತಸ್ಥರು ಎದುರಿಗೇ ಇರಬೇಕೆಂದು ನಿಯಮವಿಲ್ಲ.

ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹೆಸರು ಬಂದಾಗ ನೆನಪಾದದ್ದು ಅದಿತಿ ಅಶೋಕ್. 2021ರ ಆಗಸ್ಟ್ 7ರ ಶನಿವಾರ, ಟೋಕಿಯೋ ಒಲಿಂಪಿಕ್ಸಿನ ಕೊನೆಯ ಸುತ್ತಿನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಪದಕದ ಹತ್ತಿರವಿದ್ದಾಳೆಂದು ತಿಳಿದು ನಮ್ಮ ಗಲ್ಲಿಯವರೆಲ್ಲ ತಿಂಡಿಯನ್ನೂ ಮರೆತು ಟೀವಿಯ ಮುಂದೆ ಕೂತಿದ್ದರು. ಮಗಳ ಕ್ಯಾಡಿಯಾಗಿ, ಅಂದರೆ ಕೋಲಿನ ಚೀಲ ಹೊರುವವರಾಗಿ, ತಾಯಿಯೇ ಜೊತೆಗಿದ್ದರು. ಪಕ್ಕದ ಮನೆಯವರು ಗೋಡೆಯ ಆಚೆಯಿಂದ, "ಸಾರ್, ಇದರಲ್ಲಿ ಕಮ್ಮಿ ಬಂದ್ರೆ ಒಳ್ಳೇದೋ ಜಾಸ್ತಿ ಬಂದ್ರೆ ಒಳ್ಳೇದೋ?" ಎಂದು ಕೇಳಿದ್ದರು. ನನಗೂ ಗೊತ್ತಿರಲಿಲ್ಲ, ಗೊತ್ತಿದ್ದವನಂತೆ "ಕಮ್ಮಿ" ಎಂದದ್ದು ಅದೃಷ್ಟಕ್ಕೆ ಸರಿಯಾಯಿತು. ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ಕೈತಪ್ಪಿ ಆಕೆ ನಾಲ್ಕನೆಯವಳಾದಾಗ ನಮ್ಮ ಗಲ್ಲಿಗೆ ಸೂತಕ ಕವಿದಂತಾಗಿತ್ತು. ಅಂತಹವರನ್ನು ಕಂಡ ಹುಲ್ಲಿನ ಮೇಲೆ ನನ್ನಂಥವನು ಕೋಲು ಬೀಸುವುದು ಸಂಗೀತ ಕಛೇರಿಯ ವೇದಿಕೆ ಹತ್ತಿ ಕೆಮ್ಮಿದಂತೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ಜಯಚಾಮರಾಜ ಒಡೆಯರ್ ಕ್ಲಬ್ಬು, ಮಡಿಕೇರಿಯ ಮರ್ಕರಾ ಡೌನ್ಸ್, ಎರಡೂ ಮನಸ್ಸಿಗೆ ಹಿಡಿದವು. ಆದರೆ ಹಾಲು ತರಲು ಮೂಲೆಯ ಅಂಗಡಿಗೆ ಹೋಗುವುದಕ್ಕೂ ಗೊಣಗುವ ಮನುಷ್ಯ ಚೆಂಡು ಹೊಡೆಯಲು ಮಡಿಕೇರಿಗೆ ಹೋಗುತ್ತಾನೆಯೇ ಎಂಬ ಪ್ರಶ್ನೆ ಮನೆಯಲ್ಲೇ ಎದ್ದು ಮನೆಯಲ್ಲೇ ಇತ್ಯರ್ಥವಾಯಿತು.

ಊರ ಹೊರಗಿನ ಒಂದು ಕ್ಲಬ್ಬಿನಲ್ಲಿ ಸಿಕ್ಕಿದ್ದು ಇನ್ನೊಂದು ತೊಡಕು. ಅವರ ಮೈದಾನಕ್ಕೆ ಇಳಿಯಬೇಕಾದರೆ ಹ್ಯಾಂಡಿಕ್ಯಾಪ್, ಅಂದರೆ ಆಟಗಾರನಿಗೆ ಎಷ್ಟು ಹೊಡೆತಗಳ ರಿಯಾಯಿತಿ ಎಂಬ ಲೆಕ್ಕದ, ಸರ್ಟಿಫಿಕೇಟು ಬೇಕು. ತೀರಾ ಹೊಸಬನಿಗೂ 54ರವರೆಗಿನ ಹ್ಯಾಂಡಿಕ್ಯಾಪು ದೊರೆಯುತ್ತದೆ, ಆ ಔದಾರ್ಯಕ್ಕೆ ಕೊರತೆಯಿಲ್ಲ. ಆದರೆ ಅದು ದೊರೆಯಬೇಕಾದರೆ ಮೈದಾನದಲ್ಲಿ ಆಡಿ ಅಂಕಗಳನ್ನು ಸಲ್ಲಿಸಿರಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದವನು ಎಲ್ಲಿಯೋ ಒಂದು ಕ್ಲಬ್ಬಿಗೆ ಅರ್ಜಿ ಹಾಕಿದ್ದನೆಂದೇ ನನ್ನ ಗುಮಾನಿ. ಪ್ರವೇಶ ಶುಲ್ಕದ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಆ ಅಂಕಿಯನ್ನು ಕೇಳಿ ನಾನು "ತಿಂಗಳಿಗೋ ವರ್ಷಕ್ಕೋ?" ಎಂದಿದ್ದೆ, ಭಾವಮೈದುನ ನನ್ನ ಕಾಲು ತುಳಿದಿದ್ದ.

ಇಷ್ಟೆಲ್ಲ ಸುತ್ತಿದ ಮೇಲೆ, ಹೊಸಬನು ಕ್ಲಬ್ಬನ್ನು ಆರಿಸಿಕೊಳ್ಳುವುದಕ್ಕೆ ಒಂದು ಸರಳವಾದ ಸೂತ್ರ ನನಗೆ ಸಿಕ್ಕಿದೆ. ಅದನ್ನು ಹೇಳುವುದಕ್ಕೆ ಮೊದಲು ಕಾಲರಿನ ಪ್ರಸಂಗವನ್ನು ಮುಗಿಸಿಬಿಡುತ್ತೇನೆ.

ಮೂರನೆಯ ಭಾನುವಾರ ನಾನು ಒಗೆದು ಇಸ್ತ್ರಿ ಮಾಡಿದ ಖಾದಿ ಜುಬ್ಬ ತೊಟ್ಟು ಹೊರಟಿದ್ದೆ. ಇನ್ನೊಂದು ಕ್ಲಬ್ಬಿನ ಸ್ವಾಗತದ ಮೇಜಿನಲ್ಲಿದ್ದ ಹುಡುಗ ಬಹಳ ವಿನಯದಿಂದ ಎದ್ದು ನಿಂತು, "ಸಾರ್, ಕಾಲರ್ ಇರಬೇಕು" ಎಂದ. ಜುಬ್ಬದ ಬೆಲೆ ಹೇಳಿದೆ. "ಹೌದು ಸಾರ್, ಕಾಲರ್ ಇರಬೇಕು." ಗಾಲ್ಫ್ ಹುಟ್ಟಿದ ಸ್ಕಾಟ್ಲೆಂಡಿನಲ್ಲಿ, ಜನ ಬಿಲ್ಲುವಿದ್ಯೆಯನ್ನು ಮರೆಯುತ್ತಿದ್ದಾರೆಂದು 1457ರಲ್ಲಿ ಅಲ್ಲಿನ ಪಾರ್ಲಿಮೆಂಟು ಈ ಆಟವನ್ನೇ ನಿಷೇಧಿಸಿತ್ತೆಂದೂ, ನಿಷೇಧವನ್ನು ಮೀರಿ ಆಡಿದವರ ಕೊರಳಲ್ಲಿ ಏನಿತ್ತೆಂದು ಯಾರೂ ನೋಡಿರಲಾರರೆಂದೂ ವಾದಿಸಿದೆ. "ಅದು ನನಗೆ ಗೊತ್ತಿಲ್ಲ ಸಾರ್" ಎಂದು ಅವನು ಮತ್ತೆ ಕಾಲರಿಗೇ ಬಂದ.

ಕೊರಳಪಟ್ಟಿಯಿಂದ ಮನುಷ್ಯನಿಗಾಗುವ ಉಪಕಾರವೇನೆಂದು ನಾನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ನಮ್ಮ ತಂದೆಯವರ ಅಂಗಿಗಳಲ್ಲಿ ಮೊದಲು ಸವೆಯುತ್ತಿದ್ದುದೇ ಅದು. ಮಡಿಕೆಯ ಉದ್ದಕ್ಕೂ ನೂಲು ಹೊರಬಿದ್ದು ಬಿಳಿಯ ಗೆರೆ ಕಾಣಿಸಿಕೊಂಡ ಕೂಡಲೇ ಅಂಗಿ ದರ್ಜಿಯ ಬಳಿಗೆ ಹೋಗುತ್ತಿತ್ತು. ಅವನು ಕಾಲರನ್ನು ಬಿಚ್ಚಿ, ಒಳಮೈಯನ್ನು ಹೊರಕ್ಕೆ ತಿರುಗಿಸಿ ಹೊಲಿದುಕೊಟ್ಟರೆ ಇನ್ನೆರಡು ವರ್ಷಕ್ಕೆ ಯೋಚನೆಯಿರಲಿಲ್ಲ. ತಿರುಗಿಸಿದ ಕಾಲರಿನ ಬಣ್ಣ ಉಳಿದ ಅಂಗಿಗಿಂತ ಕಡುವಾಗಿರುತ್ತಿತ್ತಾದ್ದರಿಂದ ಮನೆಯ ಹಣಕಾಸಿನ ಸ್ಥಿತಿ ಬೀದಿಯವರಿಗೆಲ್ಲ ಕೊರಳಲ್ಲೇ ಕಾಣುತ್ತಿತ್ತು. ಅಂಥದೊಂದು ತಿರುಗಿಸಿದ ಕಾಲರು ಆ ಹುಡುಗನ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತು, ಮೂರು ಸಾವಿರದ ಜುಬ್ಬ ಆಗಲಿಲ್ಲ. ಬಹುಶಃ ಸದಸ್ಯನನ್ನು ಯಾವತ್ತಾದರೂ ಕೊರಳಪಟ್ಟಿ ಹಿಡಿದು ಹೊರಗೆ ಹಾಕಬೇಕಾಗಿ ಬಂದರೆ ಹಿಡಿಯಲು ಒಂದು ಕೊರಳಪಟ್ಟಿ ಇರಲಿ ಎಂಬುದು ಕ್ಲಬ್ಬುಗಳ ಮುಂದಾಲೋಚನೆಯಿರಬೇಕು.

ಭಾವಮೈದುನ ಕಾರಿನ ಡಿಕ್ಕಿಯಿಂದ ಒಂದು ಹಳದಿ ಟೀ ಶರ್ಟು ತೆಗೆದ. ಯಾವುದೋ ಸಹಕಾರಿ ಬ್ಯಾಂಕಿನವರು ನಡೆಸಿದ ನಡಿಗೆಯಲ್ಲಿ ಪುಕ್ಕಟೆ ಸಿಕ್ಕಿದ್ದಂತೆ. ಕಾಲರು ಇತ್ತು, ಎಡಬದಿಯ ತುದಿ ಮುದುರಿತ್ತು. ಬೆನ್ನಿನ ತುಂಬ "ನಿಮ್ಮ ಠೇವಣಿ, ನಮ್ಮ ಹೊಣೆ" ಎಂದು ಹಸಿರು ಅಕ್ಷರಗಳಲ್ಲಿ ಬರೆದಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಮುದುರಿಕೊಂಡು ಜುಬ್ಬ ಬದಲಿಸಿ ಬಂದಾಗ ಅದೇ ಹುಡುಗ ಅದೇ ವಿನಯದಿಂದ ಬಾಗಿಲು ತೆರೆದ. ಒಳಗೆ ವರಾಂಡದಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ಮಜ್ಜಿಗೆ ಕುಡಿಯುತ್ತ ಕೂತಿದ್ದರು. ನಾನು ಹಾದುಹೋದ ಮೇಲೆ ಬೆನ್ನ ಹಿಂದಿನಿಂದ, "ಸೀನಿಯರ್ ಸಿಟಿಜನ್ಸಿಗೆ ಈಗ ಎಷ್ಟು ಕೊಡ್ತಿದ್ದೀರಿ?" ಎಂದು ಕೇಳಿದರು. ಕ್ಷಣಕಾಲ ಅದೂ ಗಾಲ್ಫಿನ ಲೆಕ್ಕವೆಂದುಕೊಂಡೆ. ಆಮೇಲೆ ಬೆನ್ನಿನ ನೆನಪಾಯಿತು. "ಮಾಮೂಲಿನಂತೆ ಅರ್ಧ ಪರ್ಸೆಂಟ್ ಜಾಸ್ತಿ" ಎಂದುಬಿಟ್ಟೆ.

ಅಲ್ಲಿಗೆ ಮುಗಿಯಬೇಕಿತ್ತು. ಅವರು ಇನ್ನಿಬ್ಬರನ್ನು ಕರೆದರು. ನನಗೆ ಕುರ್ಚಿ ಬಂತು, ಮಜ್ಜಿಗೆ ಬಂತು. ಹದಿನೈದು ಎಚ್ ಫಾರಂ ಕೊಟ್ಟರೆ ಟಿಡಿಎಸ್ ಹಿಡಿಯುವುದಿಲ್ಲವೇ ಎಂದೊಬ್ಬರು ಕೇಳಿದರು, ಬ್ಯಾಂಕು ಮುಳುಗಿದರೆ ಗತಿಯೇನೆಂದು ಇನ್ನೊಬ್ಬರು ಕೇಳಿದರು, 5 ಲಕ್ಷದವರೆಗೆ ವಿಮೆಯಿದೆ ಎಂದೆ, ಅದು ಅಸಲಿಗೋ ಬಡ್ಡಿ ಸೇರಿಯೋ ಎಂದರು, ಸೇರಿಯೇ ಎಂದೆ. ಮುಕ್ಕಾಲು ಗಂಟೆ ಹೀಗೆ ನಡೆಯಿತು. ಮೊದಲನೆಯ ಟೀ, ಅಂದರೆ ಆಟದ ಮೊದಲ ಹೊಡೆತ ಹೊಡೆಯುವ ಜಾಗ, ಎಲ್ಲಿದೆ, ಅಲ್ಲಿ ಹೊಸಬನು ಹೊಡೆಯುವಾಗ ವರಾಂಡದಲ್ಲಿ ಕೂತವರೆಲ್ಲ ನೋಡುತ್ತಾರೆಯೇ ಎಂಬುದನ್ನು ಕಾಣಲೆಂದೇ ನಾನು ಅಷ್ಟು ದೂರ ಹೋದದ್ದು. ಅದನ್ನು ನೋಡಲೇ ಇಲ್ಲ. ಆದರೆ ಯಾವ ಕ್ಲಬ್ಬಿನಲ್ಲಿಯೂ ನನಗೆ ಅಷ್ಟು ಆದರ ದೊರೆತಿರಲಿಲ್ಲ. ಅರ್ಜಿಗೆ ಸೂಚಕರೊಬ್ಬರು, ಅನುಮೋದಕರೊಬ್ಬರು, ಇಬ್ಬರು ಹಳೆಯ ಸದಸ್ಯರು ಬೇಕೆಂದು ತಿಳಿದಾಗ ಬಿಳಿ ಟೋಪಿಯವರು ತಾವಾಗಿಯೇ, "ನಾನು ಸೈನ್ ಮಾಡ್ತೀನಿ ಬಿಡ್ರಿ. ನೀವು ಆ ರೇಟ್ ಒಂದು ಬರೆದುಕೊಂಡು ಬನ್ನಿ" ಎಂದರು.

ಹೊರಡುವಾಗ ಡ್ರೈವಿಂಗ್ ರೇಂಜಿನಲ್ಲಿ ಒಂದು ಬುಟ್ಟಿ ಚೆಂಡು ಹೊಡೆದು ನೋಡಿದೆ. 50 ಚೆಂಡುಗಳಲ್ಲಿ ಹತ್ತೊಂಬತ್ತು ಇದ್ದಲ್ಲೇ ಇದ್ದವು. ಹೋದವುಗಳಲ್ಲಿ ಹೆಚ್ಚಿನವು ಬಲಕ್ಕೇ ಹೋದವು. ಚಿನ್ನಿದಾಂಡು ಆಡಿದ ಕೈಗೆ ಗಾಲ್ಫ್ ತಾನಾಗಿ ಒಲಿಯುತ್ತದೆಂದು ನನಗೆ ಹೇಳಿದವರು ಎರಡನ್ನೂ ಆಡಿದವರಲ್ಲವೆಂದು ಕಾಣುತ್ತದೆ. ಹಿಂದೆ ನಿಂತಿದ್ದ ವಯಸ್ಸಾದ ಕ್ಯಾಡಿ, "ತಲೆ ಎತ್ತಬೇಡಿ ಸಾರ್" ಎಂದು ಪ್ರತಿ ಹೊಡೆತಕ್ಕೂ ಹೇಳುತ್ತಿದ್ದ. ಕ್ಲಬ್ಬುಗಳನ್ನು ನೋಡುತ್ತಿದ್ದೇನೆಂದು ಅವನಿಗೆ ತಿಳಿಸಿದೆ. "ಬಿಲ್ಡಿಂಗ್ ನೋಡಬೇಡಿ, ಪಕ್ಕದ ಹುಲ್ಲು ನೋಡಿ. ಎತ್ತರ ಬಿಟ್ಟಿದ್ರೆ ನಿಮಗೆ ದಿನಾ ಆರು ಚೆಂಡು ಹೋಗುತ್ತೆ. ಒಂಬತ್ತೇ ಕುಳಿ ಇರೋ ಕಡೆ ಸೇರ್ಕೊಳ್ಳಿ, ಎರಡು ಗಂಟೇಲಿ ಮನೆಗೆ ಹೋಗ್ತೀರಿ" ಎಂದ. ನನ್ನ ಸೂತ್ರಕ್ಕಿಂತ ಇದು ಮೇಲಾದ್ದರಿಂದ ನನ್ನದನ್ನು ಹೇಳುವ ಉತ್ಸಾಹ ಈಗ ಉಳಿದಿಲ್ಲ.

ಸೋಮವಾರ ಆ ಸಹಕಾರಿ ಬ್ಯಾಂಕಿಗೆ ಹೋಗಿ ಬಡ್ಡಿದರದ ಪಟ್ಟಿ ಕೇಳಿದೆ. ಕೌಂಟರಿನ ಹೆಣ್ಣುಮಗಳು ಪಟ್ಟಿಯ ಮೇಲೆ ಕೈಯಿಟ್ಟುಕೊಂಡೇ, "ಮೆಂಬರಾ ಸಾರ್?" ಎಂದು ಕೇಳಿದರು. ಅಲ್ಲವೆಂದೆ. ಸದಸ್ಯರಾದರೆ ಕಾಲು ಪರ್ಸೆಂಟು ಹೆಚ್ಚು ಸಿಗುತ್ತದೆ, ಅರ್ಜಿಗೆ ಇಬ್ಬರು ಹಳೆಯ ಸದಸ್ಯರ ರುಜು ಬೇಕು ಎಂದು ಒಂದು ಫಾರಂ ಕೊಟ್ಟರು. ಅದೂ ಕ್ಲಬ್ಬಿನ ಫಾರಮ್ಮೂ ಈಗ ಒಂದರ ಮೇಲೊಂದು ಮೇಜಿನ ಮೇಲಿವೆ, ಫ್ಯಾನಿನ ಗಾಳಿಗೆ ಹಾರದಂತೆ ಚೆಂಡನ್ನು ಮೇಲಿಟ್ಟಿದ್ದೇನೆ. ಹಳದಿ ಟೀ ಶರ್ಟನ್ನು ನನ್ನ ಹೆಂಡತಿ ಎರಡು ಸಲ ಒಗೆದಿದ್ದಾಳೆ. ಕಾಲರಿನ ಮುದುರು ಇನ್ನೂ ಬಿಟ್ಟಿಲ್ಲ.