ಮೌನಕ್ಕೆ ಚದರಡಿ ಲೆಕ್ಕ

ಕಳೆದ ಭಾನುವಾರದ ಪೇಪರ್ ನೀವೂ ನೋಡಿರುತ್ತೀರಿ. ಮುಖಪುಟದಲ್ಲಿ ಸುದ್ದಿ ಹುಡುಕಿದರೆ ಜಾಹೀರಾತು. ಹಾಳೆ ತಿರುಗಿಸಿದರೆ ಅದರದ್ದೇ ಮುಂದುವರಿದ ಭಾಗ. ಬೆಳ್ಳಿ ಕೂದಲಿನ ಗಂಡ ಹೆಂಡತಿ, ಇಬ್ಬರಿಗೂ ಮೂವತ್ತೆರಡು ಹಲ್ಲು, ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಯಾವುದೋ ಜೋಕಿಗೆ ನಗುತ್ತಿದ್ದಾರೆ. ಮಂಡಿನೋವು ಇರೋ ಮುಖಗಳೇ ಅಲ್ಲ. ಕೆಳಗೆ ದಪ್ಪಕ್ಷರದಲ್ಲಿ: ಹಿರಿಯರಿಗೆಂದೇ ಕಟ್ಟಿದ ಪ್ರಶಾಂತ ಬಡಾವಣೆ, ವಿಮಾನ ನಿಲ್ದಾಣದಿಂದ ಹದಿನೈದೇ ನಿಮಿಷ.

ಪ್ರಶಾಂತ. ತಲೆ ಮೇಲೆ ವಿಮಾನ. ಎರಡನ್ನೂ ಒಂದೇ ಸಾಲಲ್ಲಿ ಬರೆದ ಪುಣ್ಯಾತ್ಮನಿಗೆ ರಾಜ್ಯೋತ್ಸವ ಪ್ರಶಸ್ತಿಯಾದರೂ ಸಿಗಬೇಕು. 2008ರಲ್ಲಿ ದೇವನಹಳ್ಳಿಗೆ ವಿಮಾನ ಬಂತು. ಆಮೇಲೆ ಆ ಕಡೆಯ ದ್ರಾಕ್ಷಿ ತೋಟಗಳು ಒಂದೊಂದಾಗಿ ಸೈಟಾದವು, ಚಕ್ಕೋತದ ಮರಗಳು ಕಡಿಮೆಯಾದವು. ಈಗ ಅದೇ ಚಕ್ಕೋತದ ಗಿಡ ನಾಲ್ಕು ನೆಟ್ಟು, ಸುತ್ತ ಕಲ್ಲು ಹಾಸಿ, 'ನೇಚರ್ ಟ್ರೇಲ್' ಅಂತ ನಮಗೇ ಮಾರುತ್ತಿದ್ದಾರೆ.

ವಿಮಾನ ನಿಲ್ದಾಣ ಹತ್ತಿರ ಇದ್ದರೆ ನಮಗೇನು ಉಪಯೋಗ? ನಾವೇನು ವಾರಕ್ಕೊಮ್ಮೆ ದುಬೈಗೆ ಹೋಗುವವರಾ? ಪಕ್ಕದ ಮನೆ ರಾಯರು ಬಿಡಿಸಿ ಹೇಳಿದರು. "ಅದು ನಿಮಗಲ್ಲ ಸ್ವಾಮಿ, ಮಕ್ಕಳಿಗೆ. ಡಲ್ಲಾಸಿಂದ ಬಂದು ಇಳೀಬೇಕು, ಅಪ್ಪ ಅಮ್ಮನ್ನ ನೋಡಬೇಕು, ಮತ್ತೆ ಹತ್ತಬೇಕು. ಹೆಬ್ಬಾಳ ದಾಟಿ ಊರೊಳಗೆ ಬರೋಷ್ಟರಲ್ಲಿ ಅವರ ರಜೆ ಮುಗಿದಿರುತ್ತೆ." ರಾಯರ ಇಬ್ಬರು ಮಕ್ಕಳೂ ಅಮೆರಿಕದಲ್ಲಿದ್ದಾರೆ. ಅನುಭವದ ಮಾತು.

ನಮ್ಮ ಇಡೀ ಬೆಂಗಳೂರನ್ನೇ ಒಂದು ಕಾಲದಲ್ಲಿ ಪಿಂಚಣಿದಾರರ ಸ್ವರ್ಗ ಅಂತಿದ್ದರು, ನೆನಪಿದೆಯಾ? ಎಚ್‌ಎಎಲ್‌ನಲ್ಲೋ ಎಚ್‌ಎಂಟಿಯಲ್ಲೋ ದುಡಿದವರು, ಗ್ರಾಚ್ಯುಟಿ ದುಡ್ಡಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಮುಂದೆ ಒಂದು ತೆಂಗಿನ ಸಸಿ ನೆಟ್ಟು ಕೂತರೆ ಮುಗಿಯಿತು. ಬೆಳಿಗ್ಗೆ ನಡೆಯೋಕೆ ರಸ್ತೆ, ಸಂಜೆ ಕೂರೋಕೆ ಪಾರ್ಕಿನ ಬೆಂಚು, ರಾತ್ರಿ ಮಲಗೋಕೆ ರಾತ್ರಿ. ಇದಕ್ಕೆ ಯಾರೂ ಬ್ರೋಷರ್ ಅಚ್ಚು ಹಾಕಿಸಿರಲಿಲ್ಲ. ಈಗ ಆ ಬ್ರೋಷರ್ ತೆಗೆದು ಸೌಕರ್ಯಗಳ ಪಟ್ಟಿ ಓದಿ: ನಡೆಯಲು ಸಮತಟ್ಟಾದ ದಾರಿ, ಅಲ್ಲಲ್ಲಿ ಬೆಂಚು, ನೆರಳಿಗೆ ಮರ, ನಿಶ್ಶಬ್ದ. ನಮ್ಮ ಜೇಬಿನಿಂದ ಬಿದ್ದದ್ದನ್ನೇ ಒರೆಸಿ ನಮಗೇ ಬೆಲೆ ಹೇಳ್ತಿದ್ದಾರೆ, ಅದೂ ಚದರಡಿ ಲೆಕ್ಕದಲ್ಲಿ.

ಹಾಗೆ ನೋಡಿದರೆ ನಿಶ್ಶಬ್ದಕ್ಕೆ ಕಾನೂನೇ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಜನ ವಾಸ ಮಾಡೋ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು. ಹಬ್ಬ ಹರಿದಿನಕ್ಕೆ ಅಂತ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ಸಡಿಲ ಕೊಡಬಹುದು. ನಮ್ಮ ಬೀದಿಯ ಯುವಕರ ಸಂಘ ಈ ಹದಿನೈದನ್ನು ಗಣೇಶನಿಗೇ ಖರ್ಚು ಮಾಡಿ, ಅಣ್ಣಮ್ಮನಿಗೆ ಸಾಲ ಮಾಡಿ, ನವೆಂಬರ್ ತಿಂಗಳ ರಾಜ್ಯೋತ್ಸವವನ್ನು ಜನವರಿವರೆಗೆ ಎಳೆಯುತ್ತೆ. ಕನ್ನಡಾಂಬೆಗೆ ಅಷ್ಟು ರಾತ್ರಿಯಲ್ಲಿ ಐಟಂ ಹಾಡು ಯಾಕೆ ಬೇಕು ಅಂತ ಕೇಳಿದರೆ ನಾವು ಕನ್ನಡ ದ್ರೋಹಿಗಳು. 112ಕ್ಕೆ ಫೋನ್ ಮಾಡಿ ನೋಡಿ. ಪೊಲೀಸರ ಹೊಯ್ಸಳ ಗಾಡಿ ಬರುತ್ತೆ, ಸೌಂಡು ಇಳಿಯುತ್ತೆ. ಹೊಯ್ಸಳ ಹೋಗುತ್ತೆ, ಸೌಂಡು ಏರುತ್ತೆ. ಈ ನಡುವೆ ಫೋನ್ ಮಾಡಿದವರು ಯಾವ ಮನೆಯವರು ಅಂತ ಇಡೀ ಬೀದಿಗೆ ಗೊತ್ತಾಗಿರುತ್ತೆ.

ಹಬ್ಬ ಬಿಡಿ. ಎದುರುಗಡೆ ಹಳೇ ಮನೆ ಒಡೆದು ಪಿಜಿ ಕಟ್ಟುತ್ತಿದ್ದಾರೆ. ಬೋರ್‌ವೆಲ್ ಲಾರಿ ಬರೋದೇ ರಾತ್ರಿ ಹನ್ನೊಂದಕ್ಕೆ. ಆಚೆ ರಸ್ತೆಗೆ ವೈಟ್ ಟಾಪಿಂಗ್, ಅಂದರೆ ಕಾಂಕ್ರೀಟ್ ಹೊದಿಕೆ. ಅದು ಮುಗಿದು ರಿಬ್ಬನ್ ಕತ್ತರಿಸಿದ ಮೇಲೆ ಜಲಮಂಡಳಿಯವರಿಗೆ ಪೈಪು ನೆನಪಾಯಿತು. ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ಮೀರಬಾರದು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತೆ, ಅಂದರೆ ಅರ್ಧ ಅಡಿ. ನಮ್ಮ ಬೀದೀದು ಹತ್ತಬೇಕಾದರೆ ಒಂದು ಕೈಯಲ್ಲಿ ಟ್ರಾನ್ಸ್‌ಫಾರ್ಮರ್ ಕಂಬ ಹಿಡಿದುಕೊಳ್ಳಬೇಕು. ದೂರು ಕೊಡೋಣ ಅಂದರೆ ಯಾರಿಗೆ? ಪಾಲಿಕೆಗೆ ಕೊನೇ ಚುನಾವಣೆ ಆದದ್ದು 2015ರಲ್ಲಿ. 2020ರಿಂದ ಕಾರ್ಪೊರೇಟರೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಬಂದವು. ಐದೂ ಸೇರಿ ಎತ್ತಿದರೂ ನಮ್ಮ ಬೀದಿಯ ಒಂದು ಕಲ್ಲುಚಪ್ಪಡಿ ಎದ್ದಿಲ್ಲ.

ಇದನ್ನೆಲ್ಲ ನೋಡಿ ನೋಡಿ ನಮ್ಮವಳು ಒಂದು ದಿನ ಜಾಹೀರಾತನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದಳು. "ರೀ, ಸುಮ್ನೆ ಒಂದ್ಸಲ ನೋಡ್ಕೊಂಡು ಬರೋಣ. ನೋಡೋಕೇನು ದುಡ್ಡಾ?"

ದುಡ್ಡಿಲ್ಲ. ಕಾರನ್ನೂ ಅವರೇ ಕಳಿಸಿದರು. ಅಲ್ಲಿ ನಮ್ಮನ್ನು ಕಾದಿದ್ದ ಹುಡುಗನಿಗೆ ಇಪ್ಪತ್ತೈದೋ ಇಪ್ಪತ್ತಾರೋ. ವೃದ್ಧಾಪ್ಯದ ಬಗ್ಗೆ ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. "ಅಂಕಲ್, ಈ ಟೈಲ್ಸ್ ಜಾರಲ್ಲ. ಈ ಬಾಗಿಲು ಅಗಲ, ವೀಲ್‌ಚೇರ್ ಆರಾಮಾಗಿ ಹೋಗುತ್ತೆ. ಲಿಫ್ಟ್ ಕೂಡ ಅಷ್ಟೇ ಅಂಕಲ್, ಸ್ಟ್ರೆಚರ್ ಲಿಫ್ಟ್." ಅವನ ಖುಷಿ ನೋಡಿದರೆ ನಾನು ಅಲ್ಲೇ ಬಿದ್ದು ಲಿಫ್ಟ್ ಉದ್ಘಾಟನೆ ಮಾಡಿಕೊಡಬೇಕು ಅನ್ನಿಸಿತು. ಬಚ್ಚಲಲ್ಲಿ ಕಮೋಡಿನ ಪಕ್ಕ ಒಂದು ಕೆಂಪು ದಾರ ನೇತಾಡುತ್ತಿತ್ತು. ನೆಲದಿಂದ ಗೇಣುದ್ದ ಮೇಲೆ ಅದರ ತುದಿ. ಬಿದ್ದವರ ಕೈಗೆ ಎಟುಕಲಿ ಅಂತ. ಎಳೆದರೆ ನರ್ಸ್ ಓಡಿ ಬರುತ್ತಾಳಂತೆ. ನಮ್ಮವಳು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಗಂಟು ಗಟ್ಟಿಯಾಗಿದೆಯಾ ಅಂತ ಪರೀಕ್ಷೆ. ನಾನು ಮಾತಾಡಲಿಲ್ಲ. ಒಳ್ಳೇ ಏರ್ಪಾಡು, ಅದನ್ನು ಗೇಲಿ ಮಾಡಲಾರೆ.

ಗೇಲಿಗೆ ನಿಯಮಗಳ ಹಾಳೆ ಇದೆಯಲ್ಲ. ಮೊಮ್ಮಕ್ಕಳು ಬರಬಹುದು, ಆದರೆ ವರ್ಷಕ್ಕೆ ಇಷ್ಟೇ ದಿನ. ಬಂದವರು ಕಾರಿಡಾರಿನಲ್ಲಿ ಓಡಬಾರದು. ಮಧ್ಯಾಹ್ನ ಎರಡರಿಂದ ನಾಲ್ಕು ಕುಕ್ಕರ್ ಕೂಗಬಾರದು. ಅತಿಥಿಗಳಿಗೆ ಊಟ ಬೇಕಾದರೆ ತಲೆಗೆ ಮುನ್ನೂರು ರೂಪಾಯಿ, ಹಿಂದಿನ ದಿನವೇ ಹೇಳಬೇಕು. ಫ್ಲ್ಯಾಟು ನಮ್ಮ ಹೆಸರಿಗೇ ಆಗುತ್ತೆ. ಆದರೆ ನಮ್ಮ ನಂತರ ಮಗನಿಗೆ ಬಂದರೆ, ಅವನಿಗೂ ವಯಸ್ಸಾಗೋವರೆಗೆ ಅವನು ಅಲ್ಲಿ ವಾಸ ಮಾಡುವ ಹಾಗಿಲ್ಲ. ಮುದುಕನಾಗಿಯೇ ಬರಬೇಕು. ಮಾರಿದರೆ ಕಂಪನಿಗೆ ಪಾಲು. ಇಂಥ ಬಡಾವಣೆಗಳಿಗೆ 2019ರಲ್ಲೇ ಕೇಂದ್ರದ ವಸತಿ ಸಚಿವಾಲಯ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಹುಡುಗನನ್ನು ಅದರ ಬಗ್ಗೆ ಕೇಳಿದೆ. ಅವನು ಈಜುಕೊಳ ತೋರಿಸಿದ.

ಊಟದ ಹಾಲಿನಲ್ಲಿ ಬಿಳೀ ಬೋರ್ಡು: ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಕಡಿಮೆ ಉಪ್ಪಿನ ಸಾರು, ರಾತ್ರಿ ಗೋಧಿ ನುಚ್ಚಿನ ಉಪ್ಪಿಟ್ಟು. ಅಲ್ಲಿಯ ಒಬ್ಬ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಇಲ್ಲಿ ಶಾಂತಿ ಅಂತ ಯಾರು ಹೇಳಿದ್ದು? ಆಹಾರ ಸಮಿತಿ ಎರಡು ಹೋಳಾಗಿದೆ. ನಿವೃತ್ತ ಚೀಫ್ ಎಂಜಿನಿಯರ್ ಬಣ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬಣ. ಕಾಂಕ್ರೀಟು, ಅದೇ ಉಪ್ಪಿಟ್ಟು, ವಾರಕ್ಕೆರಡು ದಿನ ಸಾಕು ಅಂತ ನಾವು ಠರಾವು ಮಾಡಿದ್ದೀವಿ. ನೀವು ಬಂದ್ರೆ ನಮಗೆ ಒಂದು ಓಟು ಜಾಸ್ತಿ." ಮೂವತ್ತು ವರ್ಷ ಆಫೀಸಿನಲ್ಲಿ ನೋಟ್ ಬರೆದವರಿಗೆ ಬರೆಯೋಕೆ ಇನ್ನೇನೂ ಸಿಗದಿದ್ದರೆ ಉಪ್ಪಿಟ್ಟಿನ ಮೇಲೂ ಬರೆಯುತ್ತಾರೆ.

ವಾಪಸ್ ಬರುವಾಗ ಕಾರಿನಲ್ಲಿ ನನಗೆ ಧೃತರಾಷ್ಟ್ರ ನೆನಪಾದ. ಯುದ್ಧ ಮುಗಿದ ಮೇಲೆ ಮುದುಕ ಕಾಡಿಗೆ ಹೋದ ಅಂತ ಎಲ್ಲರೂ ಭಕ್ತಿಯಿಂದ ಹೇಳುತ್ತಾರೆ. ಹದಿನೈದು ವರ್ಷ ಅವನು ತಮ್ಮನ ಮಕ್ಕಳ ಮನೆಯಲ್ಲೇ ಇದ್ದ ಅನ್ನೋದನ್ನು ಯಾರೂ ಹೇಳೋದಿಲ್ಲ. ಧರ್ಮರಾಯ ಚೆನ್ನಾಗೇ ನೋಡಿಕೊಂಡ. ಆದರೆ ಭೀಮ ಅನ್ನೋನೊಬ್ಬ ಎಲ್ಲ ಮನೆಯಲ್ಲೂ ಇರುತ್ತಾನೆ. ಮುದುಕನ ಕಿವಿಗೆ ಬೀಳೋ ಹಾಗೆ ತೋಳು ತಟ್ಟಿಕೊಂಡು, ಇದೇ ತೋಳಲ್ಲಿ ಕುರುಡನ ಮಕ್ಕಳನ್ನು ಮುಗಿಸಿದೆ ಅಂತ ಕೊಚ್ಚಿಕೊಳ್ಳುತ್ತಿದ್ದ. ಆಮೇಲೆ ತಾನೇ ವೈರಾಗ್ಯ ಬಂದದ್ದು! ಆವತ್ತಿನ ಕಾಡಿಗೆ ಡಿಪಾಸಿಟ್ ಇರಲಿಲ್ಲ, ತಿಂಗಳ ಮೇಂಟೆನೆನ್ಸ್ ಇರಲಿಲ್ಲ. ಕುಂತಿಯೂ ಜೊತೆಗೆ ಹೊರಟಳು. ಮಕ್ಕಳು ಗೆದ್ದು ಸಿಂಹಾಸನದ ಮೇಲೆ ಕೂತಿದ್ದಾಗ ಇವಳಿಗೇನಾಗಿತ್ತು ಅಂತ ನನಗೆ ಮೊದಲಿಂದಲೂ ಅನುಮಾನ. ಈಚೆಗೆ ಸ್ವಲ್ಪ ಅರ್ಥವಾಗುತ್ತಿದೆ. ಅದನ್ನು ಆಮೇಲೆ ಹೇಳ್ತೀನಿ.

ಈಗ ದುಡ್ಡಿನ ವಿಷಯ. ಫ್ಲ್ಯಾಟಿನ ಬೆಲೆ ಪಕ್ಕಕ್ಕಿಡಿ, ಅದಕ್ಕೆ ಈಗಿನ ಮನೆ ಮಾರಬೇಕು. ತಿಂಗಳ ಖರ್ಚು ಇಬ್ಬರಿಗೆ ಅರವತ್ತು ಸಾವಿರ ಚಿಲ್ಲರೆ, ಮೇಲೆ ಜಿಎಸ್‌ಟಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದದ್ದೇ 30 ಲಕ್ಷ. ಬಡ್ಡಿ 8.2. ಅಷ್ಟನ್ನೂ ಇಟ್ಟರೆ ತಿಂಗಳಿಗೆ 20,500 ಬರುತ್ತೆ. ಅಂದರೆ ಆಯುಷ್ಯವಿಡೀ ಕೂಡಿಟ್ಟು 30 ಲಕ್ಷ ಮಾಡಿಕೊಂಡ ಅದೃಷ್ಟವಂತನಿಗೂ ಅಲ್ಲಿ ಹತ್ತನೇ ತಾರೀಖಿನವರೆಗೆ ಮಾತ್ರ ಪ್ರಶಾಂತತೆ. ಆಮೇಲೆ ಇಪ್ಪತ್ತು ದಿನ ಗೇಟಿನ ಹೊರಗೆ.

ಮೂವತ್ತು ಲಕ್ಷ ಇಲ್ಲದವರು? ಅವರ ಲೆಕ್ಕವೂ ಹೇಳ್ತೀನಿ, ಇದರಲ್ಲಿ ತಮಾಷೆ ಏನೂ ಇಲ್ಲ. ಬಡ ಮುದುಕರಿಗೆ ಕೇಂದ್ರ ಸರ್ಕಾರ ಕೊಡೋ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲೂ 200, ಈಗಲೂ 200. ಎಂಬತ್ತು ದಾಟಿದರೆ 500. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ 65 ಆದಮೇಲೆ 1,200. ಕಾರ್ಖಾನೆಯಲ್ಲಿ ದುಡಿದು ಪಿಎಫ್ ಪಿಂಚಣಿ ನಂಬಿಕೊಂಡವರಿಗೆ ಕನಿಷ್ಠ 1,000, ಅದು 2014ರಿಂದ ಅಲ್ಲಾಡಿಲ್ಲ. ರೈಲಿನಲ್ಲಿ ಗಂಡಸರಿಗೆ 40, ಹೆಂಗಸರಿಗೆ 50 ಪರ್ಸೆಂಟ್ ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಹೆಸರು ಹೇಳಿ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ಕೇಳಿದರೆ ಎಲ್ಲ ಪ್ರಯಾಣಿಕರಿಗೂ ಸರಾಸರಿ 46 ಪರ್ಸೆಂಟ್ ರಿಯಾಯಿತಿ ಕೊಟ್ಟೇ ಇದ್ದೀವಲ್ಲ ಅಂತ ಸಂಸತ್ತಿನಲ್ಲಿ ಉತ್ತರ. ಜಿಲ್ಲೆಗೊಂದಾದರೂ 150 ಬಡ ಹಿರಿಯರಿಗೆ ಜಾಗ ಇರೋ ವೃದ್ಧಾಶ್ರಮ ಅಂತ ಹೆತ್ತವರ, ಹಿರಿಯರ ಪಾಲನೆಗೆ ಮಾಡಿದ 2007ರ ಕಾನೂನಿನಲ್ಲಿ ಬರೆದಿದ್ದಾರೆ. ಮಾಡಲೇಬೇಕು ಅಂತ ಬರೆದಿಲ್ಲ. ಅದೇ ಕಾನೂನಿನ ಪ್ರಕಾರ ಹೆತ್ತವರನ್ನು ಬೀದಿಗೆ ಬಿಟ್ಟು ಹೋದವನಿಗೆ 3 ತಿಂಗಳವರೆಗೆ ಸಜೆ, ಇಲ್ಲ 5,000ದವರೆಗೆ ದಂಡ. ಐದು ಸಾವಿರ! ಯಾವ ಮಗ ಹೆದರುತ್ತಾನೆ ಅದಕ್ಕೆ? ಬೀದಿಯಲ್ಲಿ ನಡೆಯೋಕಾಗದ ಹಾಗೆ ಮಾಡಿಟ್ಟು, ರಾತ್ರಿ ಮಲಗೋಕಾಗದ ಹಾಗೆ ಮಾಡಿಟ್ಟು, ಬಸ್ಸು ಸ್ಟಾಪಿನಿಂದ ಐವತ್ತು ಮೀಟರ್ ಮುಂದೆ ನಿಲ್ಲಿಸಿ ಓಡಿ ಬಾ ಅಂತ ಕೂಗಿ, ಕೊನೆಗೆ ಇವರಿಗೆ ಪ್ರಶಾಂತ ಜಾಗ ಬೇಕಂತೆ ಅಂತ ಅದನ್ನೂ ಮಾರಾಟಕ್ಕೆ ಇಡೋದು. ಸಾಕಾಗಿದೆ ನಿಜವಾಗ್ಲೂ.

ಇಷ್ಟನ್ನೂ ಊಟದ ಹೊತ್ತಿನಲ್ಲಿ ನಮ್ಮವಳಿಗೆ ವಿವರಿಸಿದೆ. ನಾವು ಹೋಗಕೂಡದು, ಇಲ್ಲೇ ಇದ್ದು ಹೋರಾಡಬೇಕು, ನಮ್ಮ ಬೀದಿಯ ಬೆಂಚನ್ನು ನಾವೇ ವಾಪಸ್ ಪಡೆಯಬೇಕು ಅಂತೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಸಾರಿನ ಪಾತ್ರೆ ಒಳಗೆ ತಗೊಂಡು ಹೋದಳು, ಮಜ್ಜಿಗೆ ತಂದಳು.

"ಹೋರಾಡಿ ರೀ, ಬೇಡ ಅಂದೋರು ಯಾರು? ನೀವು ರಿಟೈರಾದಾಗ ಆಫೀಸಿನಲ್ಲಿ ಹಾರ ಹಾಕಿದ್ರು, ಶಾಲು ಹೊದಿಸಿದ್ರು. ಮಾರನೇ ದಿನದಿಂದ ನನಗೆ ಬೆಳಿಗ್ಗೆ ಎರಡು ಕಾಫಿ ಜಾಸ್ತಿ ಆಯ್ತು. ನನಗೆ ರಿಟೈರ್‌ಮೆಂಟ್ ಯಾವಾಗ?"

ಬೆಳಿಗ್ಗೆ ಆರಕ್ಕೆ ಕಾಫಿ, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ನಾಲ್ಕಕ್ಕೆ ಮತ್ತೆ ಕಾಫಿ, ರಾತ್ರಿಗೆ ಚಪಾತಿ. ಜಾಹೀರಾತಿನಲ್ಲಿ ನಾನು ನೋಡಿದ್ದು ಹುಲ್ಲು, ವಿಮಾನ, ಚದರಡಿ. ಅವಳು ನೋಡಿದ್ದು ಒಂದೇ ಸಾಲು: ಮೂರು ಹೊತ್ತಿನ ಊಟ ನಮ್ಮ ಹೊಣೆ. ಸಾರಿಗೆ ಉಪ್ಪು ಕಡಿಮೆಯಿದ್ದರೆ ಇರಲಿ, ಬೇರೆಯವರು ಮಾಡಿದ್ದಲ್ವಾ ಅಂತಾಳೆ. ಆ ಕುಂತಿಗೂ ಹೀಗೇ ಅನ್ನಿಸಿರಬೇಕು. ಐದು ಗಂಡುಮಕ್ಕಳು, ಅದರಲ್ಲೊಬ್ಬ ಭೀಮ.

ಮರುದಿನ ಆ ಹುಡುಗ ಫೋನ್ ಮಾಡಿದ. ಆಫರ್ ತಿಂಗಳ ಕೊನೆವರೆಗೆ ಮಾತ್ರ ಅಂಕಲ್ ಅಂದ. ನಾನು ಬೇಡಪ್ಪಾ ಅನ್ನೋಷ್ಟರಲ್ಲಿ ಅವಳು ಫೋನ್ ಕಸಿದುಕೊಂಡಳು.

"ಒಬ್ಬರಿಗೇ ಆದ್ರೆ ತಿಂಗಳಿಗೆ ಎಷ್ಟಾಗುತ್ತಪ್ಪಾ? ಬಾಡಿಗೆಗೆ ಕೊಡ್ತೀರಾ?"

ಕೊಡುತ್ತಾರಂತೆ. ಹದಿನೈದು ದಿನ ಇದ್ದು ನೋಡುವ ಏರ್ಪಾಡೂ ಇದೆಯಂತೆ. ತಂಗಿ ಜೊತೆ ಹೋಗುತ್ತಾಳಂತೆ, ಅವಳಿಗೂ ಅರವತ್ತು ದಾಟಿದೆ. ದೇವನಹಳ್ಳಿಗೆ ಹೋಗೋ ಸಾದಾ ಬಸ್ಸಿನಲ್ಲಿ ಇಬ್ಬರಿಗೂ ಶಕ್ತಿ ಯೋಜನೆ, ಟಿಕೆಟ್ಟಿಗೆ ದುಡ್ಡೂ ಇಲ್ಲ. ನಾನು ಮುಖ ಸಪ್ಪೆ ಮಾಡಿಕೊಂಡದ್ದು ನೋಡಿ ಸಮಾಧಾನ ಹೇಳಿದಳು.

"ಬೇಕಾದ್ರೆ ಭಾನುವಾರ ಬಂದು ಹೋಗಿ ರೀ. ಊಟಕ್ಕೆ ಮಾತ್ರ ಹಿಂದಿನ ದಿನ ಹೇಳ್ಬೇಕು, ತಲೆಗೆ ಮುನ್ನೂರು."