ಗೋಡೆಯ ಮೇಲಿನ ಹತ್ತು ಅಂಕಿ

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿರುವ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳನ್ನು ಒಟ್ಟುವ ಮೂಲೆಯ ಗೋಡೆಗೆ, ಅಪ್ಪ 2008ರ ಕಾರಹುಣ್ಣಿಮೆಯ ದಿನ ಹತ್ತು ಅಂಕಿಗಳನ್ನು ಬರೆದರು. ಎತ್ತಿನ ಕೊಂಬಿಗೆ ಹಚ್ಚಿ ಉಳಿದ ನೀಲಿ ಬಣ್ಣದಿಂದ ಬರೆದ ಆ ಅಂಕಿಗಳು ನಮ್ಮ ಮನೆಯ ಮೊದಲ ಮೊಬೈಲ್ ಸಂಖ್ಯೆ. ಅಪ್ಪ ತೀರಿಕೊಂಡ ಮೇಲೆ ಅದು ಅವ್ವನ ನಂಬರಾಯಿತು. ಗದಗದ ಎಪಿಎಂಸಿಯ ದಲಾಲಿ ಅಂಗಡಿಯವರು, ಹೆಣ್ಣುಮಕ್ಕಳ ಬೀಗರು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಊರಿನ ಸೊಸೈಟಿಯವರು, ಎಲ್ಲರಲ್ಲೂ ಇದ್ದದ್ದು ಅದೊಂದೇ ಸಂಖ್ಯೆ. ಆ ಸಂಖ್ಯೆ ಈಗ ನಮ್ಮದಲ್ಲ. ಅದು ಹೇಗೆ ಹೋಯಿತು ಎಂಬುದನ್ನು ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ, ಏಕೆಂದರೆ ಇದು ನಮ್ಮ ಮನೆಯೊಂದರ ಸಂಗತಿಯಲ್ಲ ಎಂದು ನನಗೆ ಖಾತ್ರಿಯಾಗಿದೆ.

2023ರ ದೀಪಾವಳಿಯ ಹೊತ್ತಿಗೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಗೆ ಕರೆತಂದು ಶಸ್ತ್ರಚಿಕಿತ್ಸೆ ಮಾಡಿಸಿದೆವು. ಆಮೇಲೆ ಒಂಬತ್ತು ತಿಂಗಳು ಅವಳು ವಿದ್ಯಾನಗರದ ನಮ್ಮ ಮನೆಯಲ್ಲೇ ಇದ್ದಳು. ಅವಳ ಕೀಪ್ಯಾಡ್ ಫೋನು ಊರಿನ ಮನೆಯ ಟ್ರಂಕಿನಲ್ಲಿ ಸೀರೆಗಳ ನಡುವೆ ಉಳಿದಿತ್ತು. ಅವ್ವ ನಮ್ಮ ಕಣ್ಣೆದುರಿಗೇ ಇದ್ದುದರಿಂದ ಆ ನಂಬರಿಗೆ ಫೋನ್ ಮಾಡುವ ಪ್ರಸಂಗ ನಮಗೆ ಬರಲಿಲ್ಲ. ಬಂಧುಗಳೆಲ್ಲ ನನ್ನ ಫೋನಿಗೇ ಕರೆ ಮಾಡಿ ಅವಳೊಂದಿಗೆ ಮಾತಾಡುತ್ತಿದ್ದರು. ನಡೆಯಲು ಕಲಿಸುವುದು, ಔಷಧ, ಎಕ್ಸ್‌ರೇ ಇವುಗಳ ನಡುವೆ ರೀಚಾರ್ಜ್ ಎಂಬುದು ಯಾರ ನೆನಪಿಗೂ ಬಾರಲಿಲ್ಲ.

ಶ್ರಾವಣದಲ್ಲಿ ಅವಳನ್ನು ಊರಿಗೆ ಬಿಟ್ಟುಬರಲು ಹೋದಾಗ ಫೋನಿಗೆ ಚಾರ್ಜ್ ಹಾಕಿದೆ. ಹೊತ್ತಿಕೊಂಡಿತು, ಆದರೆ ಟವರ್ ಸಿಗಲಿಲ್ಲ. ರೀಚಾರ್ಜ್ ಮಾಡಿದರೆ ಸರಿಹೋದೀತೆಂದು ಹಾಗೆ ಮಾಡುವ ಮುಂಚೆ, ಏನೋ ಅನುಮಾನ ಬಂದು, ನನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿದೆ. ಅತ್ತ ಕಡೆಯಿಂದ ಒಬ್ಬ ಹುಡುಗ ಎತ್ತಿದ. ತುಮಕೂರಿನ ಕಡೆಯವನಂತೆ, ಎರಡು ವಾರದ ಹಿಂದೆ ಹೊಸ ಸಿಮ್ ತೆಗೆದುಕೊಂಡಿದ್ದನಂತೆ. "ದಿನಾ ಯಾರಾದ್ರೂ ಫೋನ್ ಮಾಡಿ ಅವ್ವಾರು ಅದಾರೇನ್ರಿ ಅಂತ ಕೇಳ್ತಾರೆ ಸರ್, ನಾನೂ ರಾಂಗ್ ನಂಬರ್ ಅಂತ ಹೇಳಿ ಹೇಳಿ ಸಾಕಾಗಿದೀನಿ," ಎಂದ. ಒಳ್ಳೆಯ ಹುಡುಗ. ಅವನದೇನೂ ತಪ್ಪಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವ್ವ, "ಯಾರ ತಮ್ಮಾ ಅವ, ನನ್ನ ನಂಬರ್ ಅವನ ಕಡೆ ಹೆಂಗ ಹೋತು?" ಎಂದು ಕೇಳಿದಳು. ನಾನು ಇಪ್ಪತ್ತೈದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು. ಅವಳ ಆ ಪ್ರಶ್ನೆಗೆ ಅವಳಿಗೆ ಒಪ್ಪುವಂಥ ಉತ್ತರ ನನ್ನಲ್ಲಿ ಇರಲಿಲ್ಲ.

ಹುಬ್ಬಳ್ಳಿಗೆ ಮರಳಿ ಕಂಪನಿಯ ಸೇವಾ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ಸಮಾಧಾನದಿಂದಲೇ ನಿಯಮವನ್ನು ವಿವರಿಸಿದಳು. ಪ್ಯಾಕಿನ ಅವಧಿ ಮುಗಿದ ಮೇಲೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ನಂತರ ಒಳಬರುವ ಕರೆ ನಿಲ್ಲುತ್ತದೆ, 90 ದಿನ ಬಳಕೆಯೇ ಇಲ್ಲದಿದ್ದರೆ ಸಂಖ್ಯೆಯನ್ನು ರದ್ದು ಮಾಡಬಹುದು, ರದ್ದಾದ ಮೇಲೆ ಮತ್ತೆ 90 ದಿನವಾದರೂ ಕಾಯ್ದು ಬೇರೆಯವರಿಗೆ ಕೊಡಬಹುದು. ಎಚ್ಚರಿಕೆಯ ಸಂದೇಶ ಕಳಿಸಿದ್ದೇವೆ ಎಂದಳು. ಕಳಿಸಿರಬಹುದು, ಟ್ರಂಕಿನೊಳಗೆ ಅದನ್ನು ಓದುವವರು ಯಾರೂ ಇರಲಿಲ್ಲ, ಇದ್ದಿದ್ದರೂ ಅವ್ವನಿಗೆ ಓದಲು ಬರುವುದಿಲ್ಲ. ಖಾತೆಯಲ್ಲಿ 20 ರೂಪಾಯಿ ಇದ್ದರೆ ಸಂಖ್ಯೆಯನ್ನು ಕಡಿತಗೊಳಿಸುವಂತಿಲ್ಲ, ಆ ಹಣ ಮುರಿದುಕೊಂಡು ಉಳಿಸಿಕೊಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲೇ ನಿಯಮ ಮಾಡಿದೆ. ಒಳ್ಳೆಯ ನಿಯಮವೇ. ಆದರೆ ಅದು ಟಾಪ್‌ಅಪ್ ಹಾಕಿಸಿಕೊಳ್ಳುವ ಕಾಲದ್ದು. ಈಗ ನಾವು ಕೊಡುವ ಹಣವೆಲ್ಲ ಪ್ಯಾಕಿಗೆ ಹೋಗುತ್ತದೆ, ಖಾತೆಯಲ್ಲಿ ಬ್ಯಾಲೆನ್ಸ್ ಎಂಬುದು ಸೊನ್ನೆಯಾಗಿಯೇ ಇರುತ್ತದೆ. ತಿಂಗಳು ತಪ್ಪದೆ ವರ್ಷಗಟ್ಟಲೆ ದುಡ್ಡು ಕಟ್ಟಿದವಳಿಗೂ ಆ 20 ರೂಪಾಯಿಯ ರಕ್ಷಣೆ ಸಿಗದೆ ಹೋಗುವುದು ಹೀಗೆ.

ಸಂಖ್ಯೆ ಹೋದರೆ ಇನ್ನೊಂದು ತೆಗೆದುಕೊಂಡರಾಯಿತು ಎಂದು ಹಲವರು ಹೇಳಿದರು. ತೆಗೆದುಕೊಂಡೆವು, ಅರ್ಧ ಗಂಟೆಯಲ್ಲಿ ಸಿಕ್ಕಿತು. ಹಳೆಯದನ್ನು ಎಲ್ಲ ಕಡೆ ತೆಗೆಸಿ ಹೊಸದನ್ನು ಹಾಕಿಸಲು ಮಾತ್ರ ಮೂರು ತಿಂಗಳು ಬೇಕಾಯಿತು. ಆಧಾರಿಗೆ ಅದೇ ಸಂಖ್ಯೆ ಜೋಡಣೆಯಾಗಿತ್ತು. ಅದನ್ನು ಬದಲಿಸಲು ಆಗ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕಿತ್ತು. ಊರುಗೋಲು ಹಿಡಿದ ಎಪ್ಪತ್ನಾಲ್ಕರ ಅವ್ವನನ್ನು ಬಸ್ಸಿನಲ್ಲಿ ಗದಗಕ್ಕೆ ಕರೆದೊಯ್ದೆ. ಐವತ್ತು ವರ್ಷ ಶೇಂಗಾ ಕಿತ್ತು, ಹತ್ತಿ ಬಿಡಿಸಿ, ಮೆಣಸಿನಕಾಯಿ ತೊಟ್ಟು ಮುರಿದು ಅವಳ ಬೆರಳಿನ ಗೆರೆಗಳು ಸವೆದುಹೋಗಿವೆ. ಹತ್ತೂ ಬೆರಳನ್ನು ಒಂದೊಂದಾಗಿ ಒರೆಸಿ ಇಟ್ಟರೂ ಯಂತ್ರ ಒಪ್ಪಲಿಲ್ಲ. ಮೊದಲ ದಿನ ಹಾಗೆಯೇ ಹಿಂದಿರುಗಿದೆವು. ಎರಡನೆಯ ಸಲ ಕಣ್ಣಿನ ಸ್ಕ್ಯಾನ್ ಮಾಡಿದಾಗ ಆಯಿತು. ಬೆರಳಚ್ಚು ತಾಗದ ಇಂಥವರಿಗೇ ಒಟಿಪಿ ಎಂಬುದು ಬೇರೆಲ್ಲ ಕಡೆ ಆಸರೆಯಾಗಬೇಕು, ಆ ಒಟಿಪಿಯೋ ತುಮಕೂರಿನ ಹುಡುಗನ ಫೋನಿಗೆ ಹೋಗುತ್ತಿತ್ತು. ಬ್ಯಾಂಕಿನಲ್ಲಿ ಸಂಖ್ಯೆ ಬದಲಿಸಲು ಖಾತೆ ಇರುವ ಶಾಖೆಗೇ ಹೋಗಿ ಅರ್ಜಿ ಕೊಡಬೇಕಾಯಿತು. ಗ್ಯಾಸ್ ಸಿಲಿಂಡರ್ ಕೊಡಲು ಬಂದ ಹುಡುಗ ಕೇಳುವ ಕೋಡ್ ಬಾರದೆ ಒಮ್ಮೆ ಸಿಲಿಂಡರ್ ಮರಳಿ ಹೋಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ಮತ್ತು ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಜಮಾ ಆಗುತ್ತಲೇ ಇದ್ದವು, ಆದರೆ ಜಮಾ ಆಗಿವೆ ಎಂದು ತಿಳಿಯಬೇಕಾದವಳಿಗೆ ತಿಳಿಯುತ್ತಿರಲಿಲ್ಲ, ಅಪರಿಚಿತನೊಬ್ಬನಿಗೆ ತಿಳಿಯುತ್ತಿತ್ತು.

ಇಷ್ಟಕ್ಕೂ ಅವ್ವನಿಗೆ ಫೋನಿನಿಂದ ಬೇಕಾದದ್ದು ಏನು? ಮಕ್ಕಳ ಕರೆ ಬರಬೇಕು, ಅಷ್ಟೆ. ಒಂದು ಕಾಲದಲ್ಲಿ ಅದಕ್ಕೆ ದುಡ್ಡು ಬೇಕಿರಲಿಲ್ಲ. 2003ರಿಂದ ಒಳಬರುವ ಕರೆ ಉಚಿತವಾಯಿತು. 2005ರ ಕೊನೆಗೆ ಕಂಪನಿಗಳು ಒಂದು ಸಾವಿರದ ಸಮೀಪದ ಬೆಲೆಗೆ ಜೀವನಪರ್ಯಂತ ಮಾನ್ಯತೆಯ ಸಿಮ್‌ಗಳನ್ನು ತಂದವು. ಅಪ್ಪ 2008ರಲ್ಲಿ ಕೊಂಡದ್ದೂ ಅಂಥದ್ದೇ, ಇನ್ನು ಚಿಂತೆಯಿಲ್ಲ ಎಂದು ಅವರು ಗೋಡೆಗೆ ಬಣ್ಣದಲ್ಲಿ ಬರೆದದ್ದು ಆ ಮಾತನ್ನು ನಂಬಿಯೇ. 2018ರ ಕೊನೆಯಲ್ಲಿ ಕನಿಷ್ಠ ರೀಚಾರ್ಜ್ ಎಂಬ ಪದ್ಧತಿ ಬಂದಿತು, 28 ದಿನಕ್ಕೆ 35 ರೂಪಾಯಿ ಹಾಕದಿದ್ದರೆ ಒಳಬರುವ ಕರೆಯೂ ಇಲ್ಲ ಎಂದಾಯಿತು. 35 ರೂಪಾಯಿ ದೊಡ್ಡದಲ್ಲವೆಂದು ನಾವೆಲ್ಲ ಸುಮ್ಮನಿದ್ದೆವು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಮತ್ತೊಮ್ಮೆ ದರ ಏರಿಸಿದಾಗ, ಅವ್ವನಂಥವರ ತಿಂಗಳ ಪ್ಯಾಕು 200 ರೂಪಾಯಿಯ ಹತ್ತಿರ ಬಂದು ನಿಂತಿತ್ತು.

ತಿಂಗಳ ಪ್ಯಾಕು ಎಂದೆ, ಅದೂ ತಪ್ಪು. ಅದು 28 ದಿನದ ಪ್ಯಾಕು. ಜನವರಿ 5ಕ್ಕೆ ಹಾಕಿಸಿದರೆ ಮುಂದಿನದು ಫೆಬ್ರವರಿ 2ಕ್ಕೆ, ಅದರ ಮುಂದಿನದು ಮಾರ್ಚ್ 2ಕ್ಕೆ, ಆಮೇಲೆ ಮಾರ್ಚ್ 30ಕ್ಕೆ. ಮಾರ್ಚಿನಲ್ಲಿ ಎರಡು ಸಲ ಬಂತು. ಹೀಗೆ ವರ್ಷಕ್ಕೆ ಹದಿಮೂರು ರೀಚಾರ್ಜು. ಪಿಂಚಣಿ ವರ್ಷಕ್ಕೆ ಹನ್ನೆರಡೇ ಸಲ ಬರುತ್ತದೆ. ನಮ್ಮ ಹಿರಿಯರು ಅಮಾವಾಸ್ಯೆ, ಹುಣ್ಣಿಮೆ, ಸಂಬಳದ ತಾರೀಕು ಹಿಡಿದು ಬದುಕುವವರು. ಪ್ರತಿ ಸಲವೂ ಹಿಂದೆ ಸರಿಯುವ ದಿನವನ್ನು ನೆನಪಿಡುವುದು ಅವರಿಂದಾಗದು. 30 ದಿನದ ಪ್ಯಾಕನ್ನೂ, ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವಂಥ ಪ್ಯಾಕನ್ನೂ ಕಂಪನಿಗಳು ಇಡಲೇಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. ಅಂಗಡಿಯಲ್ಲಿ ಕೇಳಿ ಪಡೆದವರೆಷ್ಟು ಜನ?

ನಾನು ಕೇಳಿ ನೋಡಿದ್ದು ಇನ್ನೊಂದು ಪ್ಯಾಕಿನ ವಿಷಯದಲ್ಲಿ. ಇಂಟರ್ನೆಟ್ ಬೇಡದವರಿಗೆ ಬರಿಯ ಕರೆ ಮತ್ತು ಸಂದೇಶಗಳ ಪ್ಯಾಕನ್ನು ಪ್ರತ್ಯೇಕವಾಗಿ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಿದ್ದಿತು, ಅಂಥ ವಿಶೇಷ ಪ್ಯಾಕುಗಳ ಅವಧಿಯನ್ನು 90 ದಿನದ ಮಿತಿಯಿಂದ 365 ದಿನದವರೆಗೆ ವಿಸ್ತರಿಸಲು ಅವಕಾಶವನ್ನೂ ಕೊಟ್ಟಿತು. ಪತ್ರಿಕೆಯಲ್ಲಿ ಓದಿ ನಿಜಕ್ಕೂ ಸಂತೋಷಪಟ್ಟೆ. ಮುಂದಿನ ತಿಂಗಳು ದುರ್ಗದಬೈಲಿನ ಅಂಗಡಿಯೊಂದರಲ್ಲಿ ಕೇಳಿದರೆ, "ಅಂಥಾದ್ದು ಯಾವ ಪ್ಯಾಕೂ ಇಲ್ರೀ ಸರ, ನೆಟ್ ಪ್ಯಾಕ ಹಾಕಸ್ರಿ, ಎಲ್ಲಾರೂ ಅದನ್ನ ಹಾಕಸ್ತಾರ್ರಿ" ಎಂದರು. ಅಂಗಡಿಯ ಪರದೆಯ ಮೇಲೆ ಮೊದಲು ಕಾಣುವುದೆಲ್ಲ ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ. ನಾನೇ ಫೋನ್ ತೆಗೆದು ಪಟ್ಟಿಯ ತಳದವರೆಗೆ ಹುಡುಕಿದಾಗ ಅದು ಸಿಕ್ಕಿತು. ಆಗ 84 ದಿನದ ಪ್ಯಾಕುಗಳು 450 ರೂಪಾಯಿಯ ಆಸುಪಾಸಿನಲ್ಲಿದ್ದವು, ವರ್ಷದ್ದೋ ಹೆಚ್ಚುಕಡಿಮೆ ವರ್ಷದಷ್ಟು ಉದ್ದದ್ದೋ ಬೇಕೆಂದರೆ 1,750ರಿಂದ 1,850ರವರೆಗೆ. ಸಂಧ್ಯಾ ಸುರಕ್ಷಾ ಪಿಂಚಣಿಯ ಒಂದೂವರೆ ತಿಂಗಳ ಹಣ, ಕೇವಲ ಮಗನ ದನಿ ಕೇಳುವುದಕ್ಕೆ. ಅವ್ವನಿಗೆ ಕಟ್ಟಲು ನಾನಿದ್ದೇನೆ. ನಮ್ಮ ಓಣಿಯಲ್ಲೇ ಕಟ್ಟುವವರಿಲ್ಲದ ನಾಲ್ಕು ಮಂದಿ ಮುದುಕಿಯರಿದ್ದಾರೆ, ಅವರು ಪಿಂಚಣಿ ಬಂದ ತಿಂಗಳು ಹಾಕಿಸುತ್ತಾರೆ, ಬಾರದ ತಿಂಗಳು ಬಿಡುತ್ತಾರೆ.

ದೂರನ್ನೂ ಕೊಟ್ಟೆ. 198ಕ್ಕೆ ಕರೆ ಮಾಡಿ, ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎಂದುದನ್ನು ಒತ್ತಿ, ಮತ್ತೆ ಮತ್ತೆ ಒತ್ತಿ, ಮನುಷ್ಯರ ದನಿ ಕೇಳುವಷ್ಟರಲ್ಲಿ ಹನ್ನೊಂದು ನಿಮಿಷವಾಗಿತ್ತು. ದೂರಿನ ಸಂಖ್ಯೆ ಕೊಟ್ಟರು, ಎರಡನೆಯ ದಿನ ತಮ್ಮ ದೂರು ಬಗೆಹರಿದಿದೆ ಎಂಬ ಸಂದೇಶ ಬಂತು. ಬಗೆಹರಿಯದ ದೂರನ್ನು ಬಗೆಹರಿದಿದೆ ಎಂದು ಮುಚ್ಚುವ ಈ ರೂಢಿ ನನ್ನನ್ನು ಬಹಳ ನೋಯಿಸಿತು. ಹಾಗೆ ಆದವರು ಅಲ್ಲಿಗೇ ಕೈಬಿಡಬೇಡಿ: ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಎಂಬುದೊಂದು ಇರಲೇಬೇಕು, ದೂರಿನ ಸಂಖ್ಯೆ ಹಿಡಿದುಕೊಂಡು 30 ದಿನದೊಳಗೆ ಅಲ್ಲಿಗೆ ಬರೆಯಬಹುದು, 39 ದಿನದೊಳಗೆ ಅವರು ತೀರ್ಮಾನಿಸಬೇಕು. ದೂರಸಂಪರ್ಕದ ದೂರುಗಳನ್ನು ಗ್ರಾಹಕರ ಆಯೋಗ ಕೇಳುವಂತಿಲ್ಲ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೇಳಬಹುದು ಎಂದು ಸ್ಪಷ್ಟಪಡಿಸಿದೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವೂ ಇಲ್ಲ. ನಾನು ಧಾರವಾಡದ ವಕೀಲ ಗೆಳೆಯರೊಬ್ಬರನ್ನು ಕೇಳಿದೆ. ಕಾಗದಗಳನ್ನೆಲ್ಲ ಓದಿ ಅವರು ಹೇಳಿದ್ದು ಇಷ್ಟು: ಇಲ್ಲಿ ಯಾರೂ ನಿಯಮ ಮುರಿದಿಲ್ಲ, ಸೇವೆಯಲ್ಲಿ ಲೋಪ ಎಂದು ತೋರಿಸಲು ಏನೂ ಇಲ್ಲ.

ನನ್ನ ತಕರಾರು ಇರುವುದು ಅಲ್ಲಿಯೇ. ಮೊಬೈಲ್ ಸಂಖ್ಯೆ ಕಂಪನಿ ಮಾರುವ ಸರಕಾಗಿದ್ದ ಕಾಲಕ್ಕೆ ಈ ನಿಯಮಗಳು ಸರಿಯಿದ್ದವು. ಆಮೇಲೆ ಸರ್ಕಾರವೇ ಆಧಾರ್, ಪಡಿತರ, ಪಿಂಚಣಿ, ಬ್ಯಾಂಕು, ಬೆಳೆ ವಿಮೆ ಎಲ್ಲವನ್ನೂ ಆ ಹತ್ತು ಅಂಕಿಗಳಿಗೆ ಕಟ್ಟಿತು. ಮನೆಯ ಬಾಗಿಲಿಗೆ ಇರುವ ಚಿಲಕದಂತೆ ಅದನ್ನು ಮಾಡಿದ ಮೇಲೆ, 28 ದಿನಕ್ಕೊಮ್ಮೆ ದುಡ್ಡು ಕಟ್ಟದಿದ್ದರೆ ಚಿಲಕವನ್ನೇ ಕಿತ್ತು ಬೇರೆಯವರಿಗೆ ಕೊಡುವುದು ನ್ಯಾಯವಲ್ಲ. ರದ್ದಾದ ಸಂಖ್ಯೆಗಳ ಬಗ್ಗೆ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನೆ ಬಂದಾಗ, ಹಳೆಯ ಸಂಖ್ಯೆಯೊಂದಿಗಿನ ವಾಟ್ಸ್ಆ್ಯಪ್ ಖಾತೆಯನ್ನೂ ಮಾಹಿತಿಯನ್ನೂ ಬಳಕೆದಾರರೇ ಅಳಿಸಿಕೊಂಡು ದುರುಪಯೋಗ ತಡೆಯಬಹುದು ಎಂಬ ಮಾತು ಬಂತು. ನಗರದ ಓದಿದವರಿಗೆ ಅದು ಸರಿ. ತನ್ನ ಸಂಖ್ಯೆ ರದ್ದಾದದ್ದೇ ಗೊತ್ತಿಲ್ಲದವಳು ಏನನ್ನು ಅಳಿಸಬೇಕು?

ನನಗೆ ಕಾಣುವ ದಾರಿ ಕಷ್ಟದ್ದಲ್ಲ. ಕರೆ ಸ್ವೀಕರಿಸುವುದಕ್ಕೂ ಒಟಿಪಿ ಬರುವುದಕ್ಕೂ ಸಾಲುವಷ್ಟು ಮಾತ್ರದ, ಸಂಖ್ಯೆಯನ್ನು ಜೀವಂತವಾಗಿಡುವ ಒಂದು ವಾರ್ಷಿಕ ಶುಲ್ಕ ಇರಲಿ. ಆ 20 ರೂಪಾಯಿಯ ಹಳೆಯ ನಿಯಮವನ್ನೇ ಇಂದಿನ ಪ್ಯಾಕುಗಳ ಕಾಲಕ್ಕೆ ತಕ್ಕಂತೆ ತಿದ್ದಿ, ಆಧಾರಿಗೆ ಜೋಡಿಸಿದ ಸಂಖ್ಯೆಗಳಿಗೆ ಕಡ್ಡಾಯ ಮಾಡಿದರೂ ಸಾಕು. ರದ್ದು ಮಾಡುವ ಮುನ್ನ ಎಚ್ಚರಿಕೆ ಕನ್ನಡದಲ್ಲಿ ಬರಲಿ, ಅದೂ ಆ ಫೋನಿಗೆ ಮಾತ್ರವಲ್ಲ, ಸಿಮ್ ಕೊಳ್ಳುವಾಗ ಬರೆಸಿಕೊಂಡ ಮನೆಯ ಇನ್ನೊಬ್ಬರ ಸಂಖ್ಯೆಗೂ ಬರಲಿ. ಇದನ್ನೇ ಬರೆದು ಟ್ರಾಯ್‌ಗೆ ಕಳಿಸಿದ್ದೇನೆ. ಕನ್ನಡದಲ್ಲಿಯೇ ಬರೆದಿದ್ದೇನೆ, ಅವ್ವನ ಮಾತು ಕನ್ನಡದಲ್ಲೇ ಅಲ್ಲವೇ ಇರುವುದು. ಈ ಬರಹ ಓದುವವರು ಒಂದು ಕೆಲಸ ಮಾಡಿ: ಊರಿನಲ್ಲಿರುವ ನಿಮ್ಮ ಹಿರಿಯರ ಸಂಖ್ಯೆಗೆ ಇವತ್ತೇ ಕರೆ ಮಾಡಿ, ಎತ್ತಿದವರು ಅವರೇ ಎಂದು ಖಚಿತಪಡಿಸಿಕೊಳ್ಳಿ.

ಅವ್ವನಿಗೆ ಹೊಸ ಸಂಖ್ಯೆ ಇನ್ನೂ ಬಾಯಿಪಾಠವಾಗಿಲ್ಲ. ಕಳೆದ ದೀಪಾವಳಿಗೆ ಸುಣ್ಣ ಬಳಿಯುವಾಗ ಹಳೆಯ ಅಂಕಿಗಳನ್ನು ಅಳಿಸಿ ಹೊಸದನ್ನು ಬರೆಯುತ್ತೇನೆ ಎಂದೆ, ಅವಳು ಬಿಡಲಿಲ್ಲ. ಕೂಲಿಯವನು ಎಂದಿನಂತೆ ಆ ಸಾಲನ್ನು ಬಿಟ್ಟು ಸುತ್ತಲೂ ಬಳಿದ. ರದ್ದಾದ ಸಂಖ್ಯೆಗಳ ಪಟ್ಟಿಯನ್ನು ನೋಡಿ ತಮ್ಮ ದಾಖಲೆಗಳನ್ನು ಸರಿಪಡಿಸಿಕೊಳ್ಳಿ ಎಂದು 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಸೂಚಿಸಿದೆ. ಹೋದ ವಾರ ತುಮಕೂರಿನ ಆ ಹುಡುಗ ನನಗೆ ಸಂದೇಶ ಕಳಿಸಿದ್ದ: "ಸರ್, ಅಜ್ಜಿಯ ಬ್ಯಾಂಕಿಂದ ಇವತ್ತೂ ನನಗೇ ಮೆಸೇಜ್ ಬಂದಿದೆ."