ನಡುರಾತ್ರಿ ಕರೆಂಟು ಕೊಟ್ಟು ನೀರು ಉಳಿಸಿ ಎನ್ನುವವರಿಗೆ

ನೀರನ್ನು ಹಿತಮಿತವಾಗಿ ಬಳಸಿ ಎಂಬ ಉಪದೇಶವನ್ನು ಬ್ಯಾಡಗಿ ಸೀಮೆಯ ಬೋರ್‌ವೆಲ್ ರೈತರಾದ ನಾವು ಪ್ರತಿ ತರಬೇತಿಯಲ್ಲೂ ಕೇಳುತ್ತೇವೆ. ಸಾಲು ಬಿಟ್ಟು ಸಾಲಿಗೆ ಹಾಯಿಸಿ, ಎರಿ ಮಣ್ಣು ಬಿರಿಯುವ ಮೊದಲೇ ತೆಳುವಾಗಿ ಕೊಡಿ, ಮೆಣಸಿನ ಗಿಡದ ಬುಡದಲ್ಲಿ ನೀರು ನಿಲ್ಲಗೊಡಬೇಡಿ ಎನ್ನುತ್ತಾರೆ. ಇದರಲ್ಲಿ ಒಂದು ಮಾತೂ ತಪ್ಪಲ್ಲ. ಆದರೆ ಇದನ್ನು ಪಾಲಿಸಬೇಕಾದರೆ ಹೊಲದಲ್ಲಿ ಒಬ್ಬರು ಸಲಿಕೆ ಹಿಡಿದು ನಿಂತು, ಒಂದು ಸಾಲು ತುಂಬುತ್ತಲೇ ಅದರ ಬಾಯಿ ಕಟ್ಟಿ ಮುಂದಿನ ಸಾಲಿಗೆ ತಿರುವಬೇಕು. ಪಂಪ್‌ಸೆಟ್ ಓಡಿಸಲು ಬೇಕಾದ ತ್ರೀಫೇಸ್ ಕರೆಂಟು ನಮಗೆ ಬರುವುದೋ ನಡುರಾತ್ರಿ! ಏಳು ತಾಸು ಕೊಡುತ್ತೇವೆಂಬ ಭರವಸೆಯನ್ನು ತುಂಡು ಮಾಡಿ, ದೊಡ್ಡ ತುಂಡನ್ನು ಊರು ಮಲಗಿದ ಹೊತ್ತಿಗೇ ಇಟ್ಟಿದ್ದಾರೆ.

ಹಾವು ಚೇಳುಗಳ ಕತ್ತಲಲ್ಲಿ ನಿತ್ಯ ಯಾರು ನಿಲ್ಲುತ್ತಾರೆ? ಕರೆಂಟು ಬಂದೊಡನೆ ಮೋಟಾರನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೇವೆ. ಬೆಳಗ್ಗೆ ಹೋಗಿ ನೋಡಿದರೆ ಮುಂದಿನ ಸಾಲುಗಳಲ್ಲಿ ಕಾಲು ಹೂಳುವಷ್ಟು ಕೆಸರು, ಬದು ಒಡೆದು ಬಂಡಿದಾರಿಯ ತುಂಬ ನೀರು, ಕೊನೆಯ ಸಾಲುಗಳಲ್ಲಿ ಮಾತ್ರ ಒಣ ಮಣ್ಣು. ಎಕರೆಗೆ ಒಂದು ಅಂಗುಲ ನೀರು ಹೆಚ್ಚಾದರೂ ಸುಮಾರು 1 ಲಕ್ಷ ಲೀಟರ್ ಹೋದಂತೆ. ಅದರ ಜೊತೆಗೆ ಹಾಕಿದ ಯೂರಿಯಾ ಬೇರಿಗೆ ಸಿಗದೆ ಕೆಳಗಿಳಿಯುತ್ತದೆ, ನೀರು ನಿಂತಲ್ಲಿ ಗಿಡ ಕೊಳೆಯುತ್ತದೆ.

ಡ್ರಿಪ್ ಹಾಕಿಸಿಕೊಳ್ಳಿ ಎಂಬುದು ಇನ್ನೊಂದು ಮಾತು. ಹಾಕಿಸಿಕೊಂಡವರ ಪಾಡನ್ನೂ ನೋಡಿ. ವೋಲ್ಟೇಜ್ ಇಳಿದರೆ ಒತ್ತಡ ಇಳಿದು ಕೊನೆಯ ಪೈಪುಗಳಲ್ಲಿ ಹನಿಯೇ ಬೀಳುವುದಿಲ್ಲ. ಫಿಲ್ಟರ್ ಕಟ್ಟಿಕೊಂಡದ್ದು, ಇಲಿ ಕಡಿದ ಪೈಪಿನಿಂದ ನೀರು ಚಿಮ್ಮುವುದು ಕತ್ತಲಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಕರೆಂಟಿನ ಕಚೇರಿಗೆ ಹೋಗಿ ಕೇಳಿದರೆ ಲೋಡ್ ಹೆಚ್ಚಾಗಿದೆ, ವೇಳಾಪಟ್ಟಿ ಮೇಲಿನಿಂದ ಬಂದದ್ದು ಎಂಬ ಒಂದೇ ಉತ್ತರ. 10 ಎಚ್‌ಪಿವರೆಗೆ ಪುಕ್ಕಟೆ ಕರೆಂಟು ಕೊಟ್ಟಿದ್ದರಿಂದಲೇ ರೈತರಿಗೆ ನೀರಿನ ಬೆಲೆ ಗೊತ್ತಿಲ್ಲ ಎಂದು ಪೇಟೆಯವರು ಹೇಳುವಾಗ ನನಗೆ ಮೈ ಉರಿಯುತ್ತದೆ. ಕರೆಂಟು ಪುಕ್ಕಟೆಯಿರಬಹುದು, ಆದರೆ ಬೋರು ಕೊರೆಸಿದ ಸಾಲ, ಸುಟ್ಟ ಮೋಟಾರಿನ ರಿಪೇರಿ, ವರ್ಷವರ್ಷ ಕೆಳಗಿಳಿಯುವ ಅಂತರ್ಜಲ ಇವೆಲ್ಲ ನಮ್ಮ ತಲೆಯ ಮೇಲೇ ಇವೆ.

ಬಿಸಿಲಿನಿಂದ ವಿದ್ಯುತ್ ಹುಟ್ಟುವುದು ಹಗಲಿನಲ್ಲೇ. ಪಂಪ್‌ಸೆಟ್‌ಗಳಿಗೆ ಕರೆಂಟು ತರುವ ಲೈನುಗಳನ್ನೇ, ಅಂದರೆ ಫೀಡರ್‌ಗಳನ್ನೇ, ಸೌರ ವಿದ್ಯುತ್ತಿಗೆ ಜೋಡಿಸಲು 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಲ್ಲಿ ಅವಕಾಶವೂ ಇದೆ. ಅದು ನಮ್ಮ ಫೀಡರ್‌ಗೆ ಬರುವವರೆಗೆ, ಮೆಣಸಿನಕಾಯಿ ಹೂ ಬಿಟ್ಟು ಕಾಯಿ ಕಟ್ಟುವ ತಿಂಗಳುಗಳಲ್ಲಾದರೂ ನಮ್ಮ ಪಾಳಿಯನ್ನು ಬೆಳಗಿನ ಹೊತ್ತಿಗೆ ಬದಲಿಸಿ ಕೊಡಲಿ.